ಬನದ ತಾಯಿಯ ಬಾಗಿಲಲ್ಲಿ ದಾಯಾದಿಗಳು

ಬಾದಾಮಿಯ ಕೆಂಪು ಬಂಡೆಗಳ ನಡುವೆ ಬಿಸಿಲುಂಡು ಬಂದ ಯಾತ್ರಿಕನಿಗೆ ಬನಶಂಕರಿಯ ದಾರಿಯು ತಾಯಿಯ ಸೆರಗಿನಂತೆ ತೋರುವುದು. ಊರಿನಿಂದ ಸುಮಾರು ಐದು ಕಿಲೋಮೀಟರು ನಡೆದರೆ ಸಾಕು. ಬೋಳು ಕಲ್ಲುಗುಡ್ಡಗಳು ಹಿಂದೆ ಸರಿದು ತೆಂಗು, ಬಾಳೆ, ಎಲೆಬಳ್ಳಿಗಳ ಹಸುರು ಕಣ್ಣಿಗೆ ಬೀಳುವುದು. ಪುರಾಣಗಳು ಈ ನೆಲವನ್ನು ತಿಲಕಾರಣ್ಯವೆಂದು ಕರೆದಿವೆ. ಚೊಳಚಗುಡ್ಡವೆಂಬ ಹಳ್ಳಿಯ ಎಲ್ಲೆಯಲ್ಲಿ, ಬನದ ನಡುವೆ, ಸಿಂಹದ ಮೇಲೆ ಕುಳಿತ ಅಷ್ಟಭುಜೆಯಾದ ಕರಿಶಿಲೆಯ ತಾಯಿ ನೆಲೆಸಿದ್ದಾಳೆ. ದುರ್ಗಮಾಸುರನ ಕಾಟದಿಂದ ಮಳೆಬೆಳೆಗಳಡಗಿ ಲೋಕವು ಹಸಿದಾಗ, ತನ್ನ ದೇಹದಿಂದಲೇ ಕಾಯಿಪಲ್ಯಗಳನ್ನು ಹುಟ್ಟಿಸಿ ಮಕ್ಕಳನ್ನು ಸಲಹಿದವಳೆಂದು ಇವಳಿಗೆ ಶಾಕಂಭರಿ ಎಂಬ ಹೆಸರು. ಜಾತ್ರೆಯ ಕಾಲದ ಪಲ್ಯದ ಹಬ್ಬದಂದು ನೂರೆಂಟು ಬಗೆಯ ಪಲ್ಯಗಳು ಇವಳಿಗೆ ಎಡೆಯಾಗುವುವು. ಬರವನ್ನು ಕಂಡ ನಾಡಿನ ದೇವತೆಗೆ ಇದಕ್ಕಿಂತ ಒಪ್ಪುವ ನೈವೇದ್ಯ ಯಾವುದಿದ್ದೀತು!

ಗುಡಿಯ ಮುಂದಿನ ಹರಿದ್ರಾತೀರ್ಥವೇ ಮೊದಲು ಕಣ್ಣನ್ನು ಹಿಡಿಯುವುದು. ಒಂದೊಂದು ಬದಿಗೆ ಸುಮಾರು 360 ಅಡಿಯಿರುವ ಚೌಕಾಕಾರದ ದೊಡ್ಡ ಹೊಂಡ, ಮೂರು ಕಡೆ ಕಲ್ಲಿನ ಮಂಟಪಗಳ ಸಾಲು, ದಡದಲ್ಲಿ ದೀಪಸ್ತಂಭಗಳು. ಈಗ ಕಾಣುವ ದೇವಾಲಯದ ಬಹುಭಾಗವು 1750ರ ಸುಮಾರಿಗೆ ಪರಶುರಾಮ ಆಗಳೆ ಎಂಬ ಮರಾಠಾ ಸರದಾರನು ಕಟ್ಟಿಸಿದುದು. ಆದರೆ ದೇವಿಯ ನೆಲೆಯು ಅದಕ್ಕಿಂತ ಬಹು ಹಳೆಯದು. ಬಾದಾಮಿಯ ಚಾಲುಕ್ಯರಿಗೆ ಇವಳೇ ಕುಲದೇವತೆಯಾಗಿದ್ದಳೆಂಬುದು ಈ ಭಾಗದ ಜನರ ದೃಢವಾದ ನಂಬಿಕೆ.

ಕುಲದೇವತೆ! ಈ ಒಂದು ಮಾತಿನಲ್ಲಿಯೇ ಬನಶಂಕರಿಯ ಸತ್ತ್ವವೆಲ್ಲ ಅಡಗಿದೆ. ಇಳಕಲ್ಲ, ಗುಳೇದಗುಡ್ಡಗಳ ಮಗ್ಗದ ಮನೆಗಳ ದೇವಾಂಗರಿಗೂ, ಕರ್ನಾಟಕ ಮಹಾರಾಷ್ಟ್ರಗಳ ಅನೇಕ ದೇಶಸ್ಥ ಬ್ರಾಹ್ಮಣ ಮನೆತನಗಳಿಗೂ, ಇನ್ನೆಷ್ಟೋ ಒಕ್ಕಲು ಕುಟುಂಬಗಳಿಗೂ ಇವಳು ಮನೆದೇವರು. ಮದುವೆಯಾದವರು ಉಡಿ ತುಂಬಲು ಬರುವರು. ಮಗುವಿನ ಜವಳಕ್ಕೆ ಬರುವರು. ಹರಕೆ ಹೊತ್ತು ಪಡೆದ ಕೂಸನ್ನು ಬಾಳೆಯ ದಿಂಡುಗಳ ತೆಪ್ಪದ ಮೇಲೆ ಮಲಗಿಸಿ ಹೊಂಡದ ನೀರಿನಲ್ಲಿ ತೇಲಿಸುವರು. ದಡದ ಮೇಲೆ ನಿಂತ ತಾಯಂದಿರ ಮುಖವನ್ನು ಆ ಗಳಿಗೆಯಲ್ಲಿ ನೋಡಬೇಕು. ಒಬ್ಬ ಅಜ್ಜನಿಂದ ಹುಟ್ಟಿ, ಮೂರು ತಲೆಮಾರಿನಲ್ಲಿ ಹತ್ತು ಒಲೆಗಳಾಗಿ ಒಡೆದ ಮನೆತನದವರೂ ಇಲ್ಲಿ ಒಂದೇ ಬಾಗಿಲಿಗೆ ಬಂದು ನಿಲ್ಲಲೇಬೇಕು. ಹೊಲ ಪಾಲಾಗುವುದು, ದನ ಪಾಲಾಗುವುದು, ಬೇವಿನ ಮರದ ನೆರಳೂ ಪಾಲಾಗುವುದು; ಮನೆದೇವರನ್ನು ಪಾಲು ಮಾಡಿಕೊಳ್ಳುವ ಪಂಚಾಯಿತಿ ಮಾತ್ರ ಇನ್ನೂ ಹುಟ್ಟಿಲ್ಲ. ಕೋರ್ಟಿನಲ್ಲಿ ಎದುರುಬದುರು ನಿಂತ ಅಣ್ಣತಮ್ಮಂದಿರು ಹುಣ್ಣಿಮೆಯ ದಿನ ಮುಂದೆ ಹಿಂದೆ ಒಂದೇ ಸಾಲಿನಲ್ಲಿ ಕಾಯಿ ಹಿಡಿದು ನಿಂತಿರುವುದು ಇಲ್ಲಿ ಅಪರೂಪವಲ್ಲ. ಒಬ್ಬರನ್ನೊಬ್ಬರು ನೋಡುವುದಿಲ್ಲ, ಸಾಲನ್ನು ಬಿಟ್ಟು ಹೋಗುವುದೂ ಇಲ್ಲ.

ಪುಷ್ಯಮಾಸದ ಶುಕ್ಲ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ದೇವಿಯ ನವರಾತ್ರಿ. ಹುಣ್ಣಿಮೆಗೆ ಬನದ ಹುಣ್ಣಿಮೆಯೆಂದೇ ಹೆಸರು, ಅಂದು ರಥ. ಅಲ್ಲಿಂದ ಮುಂದೆ ವಾರಗಟ್ಟಲೆ ಜಾತ್ರೆ ನಿಲ್ಲುವುದು. ಬಿಳಿಯ ಎತ್ತುಗಳ ಪೇಟೆ, ಬಳೆಗಾರರ ಸಾಲು, ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಮರದ ನೆರಳಿನಲ್ಲಿ ಬುಟ್ಟಿ ಬಿಚ್ಚಿ ಕುಳಿತು ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಕೆನೆಮೊಸರು ಬಡಿಸುವ ಹಳ್ಳಿಯ ಹೆಂಗಸರು, ಇವೆಲ್ಲವನ್ನೂ ವರ್ಣಿಸುತ್ತ ಹೋದರೆ ಈ ಪುಟಗಳು ಸಾಲವು. ಆದರೆ ಒಂದು ಸಾಲಿನ ಮುಂದೆ ನಿಲ್ಲದೆ ಮುಂದುವರಿಯಲಾಗದು. ಅದು ಬಾಗಿಲುಗಳ ಸಾಲು. ಬಡಿಗರು ಕೆತ್ತಿ ತಂದ ಮರದ ಬಾಗಿಲುಗಳೂ ಚೌಕಟ್ಟುಗಳೂ ಬಯಲಿನಲ್ಲಿ ಸಾಲಾಗಿ ನಿಂತಿರುವುವು. ಹಿಂದೆ ಮನೆಯಿಲ್ಲ, ಮುಂದೆ ಅಂಗಳವಿಲ್ಲ. ಹೊಸ್ತಿಲು ದಾಟಿದರೆ ಮತ್ತೆ ಅದೇ ಜಾತ್ರೆಯ ಧೂಳು. ಕೊಳ್ಳುವವರಲ್ಲಿ ಹೊಸ ಮನೆ ಕಟ್ಟುವವರೆಷ್ಟು, ಹಳೆಯ ಮನೆಯ ನಡುವೆ ಗೋಡೆಯೆಬ್ಬಿಸಿ ಇನ್ನೊಂದು ಬಾಗಿಲು ತೆರೆಯುವವರೆಷ್ಟು, ಬಡಿಗನು ಕೇಳುವುದಿಲ್ಲ. ಅವನಿಗೆ ಬೇಕಾದುದು ಅಳತೆ ಮಾತ್ರ.

ಬನಶಂಕರಿಯ ಸುತ್ತಲಿನ ನೆಲವು ಈ ಅಳತೆಯನ್ನು ಬಹುಕಾಲದಿಂದ ಬಲ್ಲುದು. ರಕ್ತದ ನಂಟು ದೊಡ್ಡದೋ, ಕೈಹಿಡಿದ ಪಕ್ಷದ ನಿಷ್ಠೆ ದೊಡ್ಡದೋ ಎಂಬ ಪ್ರಶ್ನೆಗೆ ಇಲ್ಲಿನ ಬಂಡೆಗಳಲ್ಲಿಯೂ ಉತ್ತರ ಕೆತ್ತಲ್ಪಟ್ಟಿದೆ. ಆ ಉತ್ತರವು ಅಳಿಸಿಹೋದ ಕಥೆಯೂ ಕೆತ್ತಲ್ಪಟ್ಟಿದೆ.

ಗುಡಿಯಿಂದ ಮರಳಿ ಬಾದಾಮಿಗೆ ಬಂದು, ದಕ್ಷಿಣದ ಬಂಡೆಯ ಮೆಟ್ಟಿಲುಗಳನ್ನೇರಿದರೆ ಮೂರನೆಯ ಗವಿಯು ಎದುರಾಗುವುದು. ಬಾದಾಮಿಯ ಗವಿಗಳಲ್ಲೆಲ್ಲ ಇದೇ ದೊಡ್ಡದು, ಇದೇ ಸೊಗಸಿನದು. ಒಂದನೆಯ ಪುಲಕೇಶಿಯು 543ರಲ್ಲಿ ಈ ಬೆಟ್ಟವನ್ನು ಕೋಟೆಯಾಗಿಸಿದನು. ಅವನ ಮಗ ಒಂದನೆಯ ಕೀರ್ತಿವರ್ಮನು ಆಳುತ್ತಿದ್ದಾಗ, ಕೀರ್ತಿವರ್ಮನ ತಮ್ಮ ಮಂಗಲೇಶನು ಶಕ ವರ್ಷ 500ರಲ್ಲಿ, ಎಂದರೆ ಕ್ರಿಸ್ತಶಕ 578ರಲ್ಲಿ, ಕಾರ್ತೀಕ ಹುಣ್ಣಿಮೆಯ ದಿನ ಈ ಗವಿಯಲ್ಲಿ ವಿಷ್ಣುವನ್ನು ಪ್ರತಿಷ್ಠಿಸಿದನು. ಅಲ್ಲಿಯ ಸಂಸ್ಕೃತ ಶಾಸನವು ಹೇಳುವ ಸಂಗತಿ ಮನಸ್ಸನ್ನು ಕರಗಿಸುವಂಥದು. ಇಷ್ಟು ಶ್ರಮದಿಂದ ಕಡೆಸಿದ ಗವಿಯ ಪುಣ್ಯವನ್ನು ತಮ್ಮನು ತಾನಿಟ್ಟುಕೊಳ್ಳಲಿಲ್ಲ. ಸೂರ್ಯನನ್ನೂ ಅಗ್ನಿಯನ್ನೂ ನೆರೆದ ಮಹಾಜನರನ್ನೂ ಸಾಕ್ಷಿಯಾಗಿಟ್ಟುಕೊಂಡು, ಈ ಧರ್ಮದ ಫಲವೆಲ್ಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವೊಂದೇ ತನಗಿರಲಿ ಎಂದು ಧಾರೆಯೆರೆದನು. ಹೊರಗಿನ ಬಂಡೆಯ ಮೇಲಿನ ಕನ್ನಡ ಶಾಸನವು ಇದನ್ನು ಕಲ್ಮನೆಯೆಂದು ಕರೆದು, ಲಂಜಿಗೇಸರವೆಂಬ ಊರನ್ನು ದೇವರಿಗೆ ಬಿಟ್ಟುದನ್ನು ಹೇಳುತ್ತದೆ. ಮಹಾಕೂಟದ ಹತ್ತಿರದ ನಂದಿಕೇಶ್ವರವೇ ಆ ಊರು. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದು ಅಣ್ಣನನ್ನು ಅಷ್ಟು ಪ್ರೀತಿಸಿದ ತಮ್ಮನೊಬ್ಬನ ಕಲ್ಲಿನ ಮನೆಯ ಬಾಗಿಲಲ್ಲಿರುವುದು ಕನ್ನಡಿಗರ ಭಾಗ್ಯ.

ಕಥೆಯು ಇಲ್ಲಿಗೇ ನಿಂತಿದ್ದರೆ ಬಾದಾಮಿಗೆ ಭರತನ ಊರೆಂದೇ ಹೆಸರಾಗುತ್ತಿತ್ತು. ನಿಲ್ಲಲಿಲ್ಲ. ಕೀರ್ತಿವರ್ಮನು ತೀರಿಕೊಂಡಾಗ ಮಕ್ಕಳು ಚಿಕ್ಕವರು. ಸಿಂಹಾಸನವನ್ನು ಮಂಗಲೇಶನು ಏರಿದನು. ಏರಿದವನು ಸುಮ್ಮನೆ ಕೂಡಲಿಲ್ಲ. ಕಳಚುರಿ ಬುದ್ಧರಾಜನನ್ನು ಸೋಲಿಸಿದನು, ರೇವತೀದ್ವೀಪವನ್ನು ಗೆದ್ದನು, ರಾಜ್ಯವನ್ನು ಬೆಳೆಸಿದನು. ಅಣ್ಣನ ಮಗ ಪುಲಕೇಶಿಯು ಪ್ರಾಯಕ್ಕೆ ಬಂದನು. ಆಗ ಚಿಕ್ಕಪ್ಪನು ರಾಜ್ಯವನ್ನು ಮರಳಿ ಕೊಡದೆ ತನ್ನ ಸ್ವಂತ ಮಗನಿಗೆ ಉಳಿಸಲು ನೋಡಿದನೆಂದು ಐಹೊಳೆಯ ಮೇಗುತಿಯ ಶಾಸನವು ಹೇಳುತ್ತದೆ. ಪುಲಕೇಶಿಯು ನಾಡು ಬಿಟ್ಟು ಹೋಗಿ, ಬಲ ಕೂಡಿಸಿಕೊಂಡು ತಿರುಗಿ ಬಂದನು. ಮಗನಿಗೆ ಪಟ್ಟ ಕಟ್ಟುವ ಯತ್ನ, ರಾಜ್ಯ, ಜೀವ, ಈ ಮೂರನ್ನೂ ಮಂಗಲೇಶನು ಒಮ್ಮೆಗೇ ಕಳೆದುಕೊಂಡನು. ಇಂದಿನ ಆಂಧ್ರದ ಅನಂತಪುರ ಸೀಮೆಯ ಪೆದ್ದವಡುಗೂರಿನ ಶಾಸನವು ರಣವಿಕ್ರಮನೆಂಬವನನ್ನು ಅಡಗಿಸಿದುದನ್ನು ಸ್ಮರಿಸುತ್ತದೆ; ಅವನು ಅದೇ ಚಿಕ್ಕಪ್ಪನೆಂದು ಹೇಳುವವರುಂಟು. ಇದು ನಡೆದುದು 610ರ ಆಸುಪಾಸಿನಲ್ಲಿ.

ಒಂದು ಮಾತನ್ನು ಮರೆಯಬಾರದು. ಮೇಗುತಿಯ ಶಾಸನವನ್ನು 634ರ ಸುಮಾರಿಗೆ ಬರೆದ ರವಿಕೀರ್ತಿಯು ಪುಲಕೇಶಿಯ ಆಶ್ರಯದ ಕವಿ, ಗೆದ್ದವನ ಉಪ್ಪನ್ನುಂಡವನು. ಮಂಗಲೇಶನ ಪಕ್ಷದವರು ಬರೆದ ಒಂದು ಸಾಲೂ ಆ ಕೊನೆಯ ದಿನಗಳ ಬಗ್ಗೆ ಉಳಿದಿಲ್ಲ. ಅಣ್ಣನ ಪುಣ್ಯಕ್ಕಾಗಿ ಗವಿ ಕಡೆಸಿದ ಕೈಯೇ ಅಣ್ಣನ ಮಗನ ಹಕ್ಕನ್ನು ಕಸಿಯಲು ಹೋಯಿತೇಕೆ? ಹಲವು ವರ್ಷ ಆಳಿದ ಅರಸನಿಗೆ ರಾಜ್ಯವು ತನ್ನದೇ ಎನಿಸತೊಡಗಿತೇ? ಮಗನ ಮುಖವನ್ನು ನೋಡಿದಾಗ ಅಣ್ಣನ ಮುಖವು ಮಸುಕಾಯಿತೇ? ಅಣ್ಣನಿಗೆ ತೋರಿದ ನಿಷ್ಠೆಯು ಅಣ್ಣನ ಮಗನಿಗೂ ಸಲ್ಲಬೇಕೆಂಬ ನಿಯಮವನ್ನು ಅವನು ಒಪ್ಪಿರಲೇ ಇಲ್ಲವೇನೋ. ಮೂರನೆಯ ಗವಿಯ ಮೊಗಸಾಲೆಯಲ್ಲಿ, ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣುವಿನ ಎದುರು ನಿಂತಾಗ ಈ ಪ್ರಶ್ನೆಗಳು ತಾವಾಗಿಯೇ ಬರುವುವು. ಮಾರ್ಗದರ್ಶಕನ ಮಾತಿನ ಸದ್ದಿನಲ್ಲಿ ಮುಳುಗಿಯೂ ಹೋಗುವುವು.

ಗೆದ್ದ ಪುಲಕೇಶಿಯು ಪಾಠ ಕಲಿತವನಂತೆ ಕಾಣುತ್ತಾನೆ. ತಮ್ಮನಾದ ಕುಬ್ಜ ವಿಷ್ಣುವರ್ಧನನನ್ನು ಮನೆಯಲ್ಲಿಟ್ಟುಕೊಳ್ಳದೆ ದೂರದ ವೆಂಗಿಯ ನಾಡಿಗೆ ಆಳಲು ಕಳಿಸಿದನು. ಆ ತಮ್ಮನ ಸಂತಾನವೇ ಮುಂದೆ ಪೂರ್ವ ಚಾಲುಕ್ಯರೆನಿಸಿ ಶತಮಾನಗಳ ಕಾಲ ಆಳಿತು. ಒಂದು ಮನೆಗೆ ಎರಡನೆಯ ಬಾಗಿಲನ್ನು ಜಗಳಕ್ಕೆ ಮುಂಚೆಯೇ ತೆರೆದಿಟ್ಟ ಜಾಣತನವಿದು! ಆದರೆ ಪುಲಕೇಶಿಯ ಸ್ವಂತ ಮಕ್ಕಳ ಕಾಲಕ್ಕೆ ಹಳೆಯ ಕಥೆಯೇ ಮರಳಿತು. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು; ಅವನ ಶಾಸನವು ಇಂದಿಗೂ ಇಲ್ಲಿನ ಬಂಡೆಯ ಮೇಲೆ ಇದೆ. ಹೊರಗಿನ ಶತ್ರುವನ್ನು ಹೊಡೆದಟ್ಟುವುದರ ಜೊತೆಗೆ ಒಳಗಿನ ದಾಯಾದಿಗಳನ್ನೂ ಅಡಗಿಸಿಯೇ ಒಂದನೆಯ ವಿಕ್ರಮಾದಿತ್ಯನು 655ರಲ್ಲಿ ತಂದೆಯ ರಾಜ್ಯವನ್ನು ಮತ್ತೆ ನಿಲ್ಲಿಸಬೇಕಾಯಿತು.

ಅರಸರ ಕಥೆಯು ದೂರದ್ದಾಯಿತು ಎನ್ನುವವರಿಗೆ ಹತ್ತಿರದ್ದೊಂದು ಉಂಟು. ಚೊಳಚಗುಡ್ಡದ ಬಳಿ ಮಲಪ್ರಭೆಯು ಹರಿಯುತ್ತಾಳೆ. ಆ ನೀರು ಇಲ್ಲಿಗೆ ಬರುವ ಮುನ್ನ ರಾಮದುರ್ಗದ ಮಗ್ಗುಲಲ್ಲಿ ಹಾಯ್ದು ಬರುವುದು. ರಾಮದುರ್ಗದಿಂದ ದಕ್ಷಿಣಕ್ಕೆ, ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತ ಗುಡ್ಡ ನರಗುಂದ. ಎರಡೂ ಭಾವೆ ಮನೆತನದ ಸಂಸ್ಥಾನಗಳು. ಒಂದೇ ಮನೆ ಎರಡಾದವು. 1858ರಲ್ಲಿ ನರಗುಂದವನ್ನು ಆಳುತ್ತಿದ್ದವನು ಭಾಸ್ಕರರಾವ್, ಜನರ ಬಾಯಲ್ಲಿ ಬಾಬಾಸಾಹೇಬ. ರಾಮದುರ್ಗದ ಅರಸನು ಬಾಬಾಸಾಹೇಬನಿಗೆ ಮಲಸಹೋದರ.

ಬಾಬಾಸಾಹೇಬನಿಗೆ ಗಂಡುಸಂತಾನ ಉಳಿದಿರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರದ ಅಪ್ಪಣೆ ಬೇಡಿದನು, ಸರಕಾರವು ನಿರಾಕರಿಸಿತು. ವಂಶವು ನಿಂತರೆ ಸಂಸ್ಥಾನವು ಸರಕಾರಕ್ಕೆ ಎಂಬ ನೀತಿಯ ಕಾಲವದು. ಆ ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಿತು. 1857ರ ಕಿಚ್ಚು ಉತ್ತರದಲ್ಲಿ ಉರಿಯುತ್ತಿದ್ದಾಗಲೇ ಈ ಸೀಮೆಯಲ್ಲಿ ಹಲಗಲಿಯ ಬೇಡರು ಆಯುಧ ಕೊಡಲೊಲ್ಲದೆ ಕಾದಿ ಮಡಿದಿದ್ದರು. ಮುಂದಿನ ವರ್ಷದ ಮೇ ತಿಂಗಳಿನಲ್ಲಿ ಮುಂಡರಗಿಯ ಭೀಮರಾಯನು ಬಂಡೆದ್ದನು, ನರಗುಂದವೂ ಎದ್ದಿತು.

ದಕ್ಷಿಣ ಮರಾಠಾ ಸೀಮೆಯ ರಾಜಕೀಯ ಅಧಿಕಾರಿಯಾಗಿದ್ದ ಮ್ಯಾನ್‌ಸನ್ ಸಾಹೇಬನು ನರಗುಂದದ ಅರಸನನ್ನು ಒಲಿಸಿ ತಡೆಯುವೆನೆಂದು ಸ್ವಲ್ಪವೇ ಜನರೊಂದಿಗೆ ಹೊರಟು ರಾಮದುರ್ಗಕ್ಕೆ ಬಂದನು. ಇನಾಮುಗಳ ತನಿಖೆಯ ಕೆಲಸದಲ್ಲಿದ್ದು ಅರಸರ, ಇನಾಮದಾರರ ಕಣ್ಣಿಗೆ ಮುಳ್ಳಾಗಿದ್ದವನು ಇವನು. ಮುಂದೆ ನಡೆದುದನ್ನು ಆಗಿನ ಸರಕಾರಿ ದಾಖಲೆಗಳು ಹೇಳುತ್ತವೆ. ರಾಮದುರ್ಗದ ಅರಸನು ಅತಿಥಿಯನ್ನು ಆದರದಿಂದ ಬರಮಾಡಿಕೊಂಡನು. ತನ್ನನ್ನೂ ಬಂಡಾಯಕ್ಕೆ ಕರೆದು ನರಗುಂದದ ಸಹೋದರನು ಬರೆದಿದ್ದ ಪತ್ರವನ್ನು ಅವನ ಕೈಗಿತ್ತನು. ಇಷ್ಟು ಸಣ್ಣ ಪರಿವಾರದೊಂದಿಗೆ ನರಗುಂದದ ಕಡೆಗೆ ಹೋಗಬೇಡವೆಂದು ಬಲವಾಗಿ ಎಚ್ಚರಿಸಿದನು.

ಆ ಪತ್ರವು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಗಳಿಗೆಯನ್ನು ಕಣ್ಣೆದುರು ತಂದುಕೊಳ್ಳಿರಿ. ಒಡಹುಟ್ಟಿದವನು ನಂಬಿ ಬರೆದ ಅಕ್ಷರ. ಎದುರಿಗೆ ನಿಂತವನು ಅದೇ ಒಡಹುಟ್ಟಿದವನನ್ನು ಗಲ್ಲಿಗೇರಿಸಬಲ್ಲ ಸರಕಾರದ ಮನುಷ್ಯ. ರಾಮದುರ್ಗದವನು ಆ ಮನುಷ್ಯನ ಪ್ರಾಣವನ್ನೂ ಉಳಿಸಲು ನೋಡಿದನೆಂಬುದು ನಿಜ. ಮ್ಯಾನ್‌ಸನ್ನನು ಆ ಎಚ್ಚರಿಕೆಯ ಮಾತನ್ನು ಕೇಳಿದ್ದರೆ ಸಾಹೇಬನೂ ಉಳಿಯುತ್ತಿದ್ದನು. ಬಾಬಾಸಾಹೇಬನ ಮೇಲೆ ಕೊಲೆಯ ಹೊರೆಯೂ ಬೀಳುತ್ತಿರಲಿಲ್ಲ. ಹಾಗೆ ನೋಡಿದರೆ ಸಹೋದರನನ್ನು ಅವನ ಕೋಪದಿಂದಲೇ ಕಾಯಲು ಹವಣಿಸಿದನೆಂದೂ ಹೇಳಬಹುದು. ಆದರೆ ಪತ್ರ? ಬಾಯಿಮಾತಿನ ಎಚ್ಚರಿಕೆಯಷ್ಟೇ ಸಾಲದಾಗಿತ್ತೇ?

ಮ್ಯಾನ್‌ಸನ್ನನು ಮಾತು ಕೇಳಲಿಲ್ಲ. ಸುರೇಬಾನದಲ್ಲಿ ಬೀಡುಬಿಟ್ಟು ಮೇ 29ರ ರಾತ್ರಿ ಪಾಲಕಿಯಲ್ಲಿ ಮಲಗಿದ್ದಾಗ ಬಾಬಾಸಾಹೇಬನ ದಂಡು ಮೇಲೆ ಬಿದ್ದಿತು. ಸಾಹೇಬನ ತಲೆಯು ನರಗುಂದದ ಅಗಸಿಯಲ್ಲಿ ತೂಗಿತು. ಜೂನ್ ಆರಂಭದಲ್ಲಿ ಇಂಗ್ಲಿಷರ ಸೈನ್ಯ ಬಂದು ಊರನ್ನೂ ಕೋಟೆಯನ್ನೂ ಹಿಡಿಯಿತು. ಯಾತ್ರಿಕರ ವೇಷದಲ್ಲಿ ತೊರಗಲ್ಲಿನ ಕಾಡಿನತ್ತ ಸರಿದಿದ್ದ ಬಾಬಾಸಾಹೇಬನು ಸೆರೆಸಿಕ್ಕನು. ಜೂನ್ 12ರಂದು ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯ ನೀರಿಗೆ ಹಾರಿ ಪ್ರಾಣ ಬಿಟ್ಟರು. ನರಗುಂದ ಸಂಸ್ಥಾನವು ಸರಕಾರದ ಪಾಲಾಯಿತು. ರಾಮದುರ್ಗವು ಉಳಿಯಿತು, 1948ರಲ್ಲಿ ಭಾರತದ ಒಕ್ಕೂಟದಲ್ಲಿ ವಿಲೀನವಾಗುವವರೆಗೂ ಉಳಿಯಿತು. ಆ ತೊಂಬತ್ತು ವರ್ಷಗಳನ್ನು ಒಂದು ಪತ್ರದಿಂದ ಕೊಂಡುದೆಂದು ಹೇಳುವವರುಂಟು. ಒಬ್ಬನ ಆವೇಶಕ್ಕೆ ಇಡೀ ರಾಮದುರ್ಗದ ಪ್ರಜೆಗಳನ್ನು ತೋಪಿನ ಬಾಯಿಗೆ ಕೊಡದೆ ಕಾಯ್ದ ಅರಸುತನವೆಂದು ಹೇಳುವವರೂ ಉಂಟು. ಜನಪದದ ಹಾಡು ಮಾತ್ರ ನರಗುಂದದವನ ಪಕ್ಷವನ್ನೇ ಹಿಡಿದಿದೆ. ಉಳಿದುಕೊಂಡವನ ಮೇಲೆ ಲಾವಣಿ ಕಟ್ಟುವ ಪದ್ಧತಿ ನಮ್ಮಲ್ಲಿಲ್ಲ.

ಮಲಪ್ರಭೆಗೆ ಇದೆಲ್ಲ ನೆನಪಿಲ್ಲ. ಚೊಳಚಗುಡ್ಡದ ಸೇತುವೆಯ ಕೆಳಗೆ, ಬೇಸಗೆಯಲ್ಲಿ ಬತ್ತಿ, ಮಳೆ ಹೆಚ್ಚಿದ ವರ್ಷ ದಂಡೆ ಮೀರಿ, ಪಟ್ಟದಕಲ್ಲು ಐಹೊಳೆಗಳ ಮುಂದೆ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ.

ಕತ್ತಲಾಯಿತೆಂದರೆ ಬನಶಂಕರಿಯ ಜಾತ್ರೆಗೆ ಇನ್ನೊಂದು ಜೀವ ಬರುವುದು. ಗುಡಿಯ ಆಚೆಯ ಬಯಲಿನಲ್ಲಿ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಬೆಳಕು ಚೆಲ್ಲುವುವು. ಕರ್ನಾಟಕದ ವೃತ್ತಿರಂಗಭೂಮಿಗೆ ಬನಶಂಕರಿಯ ಜಾತ್ರೆಯೆಂದರೆ ಸುಗ್ಗಿ. ವರ್ಷವೆಲ್ಲ ಊರೂರು ತಿರುಗಿ ನಷ್ಟ ಉಂಡ ಕಂಪನಿಯೂ ಇಲ್ಲಿ ಬಂದು ಸಾಲ ತೀರಿಸಿಕೊಳ್ಳಬಹುದೆಂಬ ಆಸೆಯಿಂದ ಡೇರೆ ಹಾಕುವುದು. ಸಿನಿಮಾ ಬಂದಿತು, ಟೆಲಿವಿಷನ್ ಬಂದಿತು, ಅಂಗೈಯೊಳಗಿನ ಫೋನೇ ನಾಟಕಶಾಲೆಯಾಯಿತು. ಆದರೂ ಈ ಬಯಲಿನಲ್ಲಿ ಇಂದಿಗೂ ಹಲವು ಕಂಪನಿಗಳು ಒಂದರ ಮಗ್ಗುಲಲ್ಲೊಂದು ನಿಂತು, ಆಟದ ಮೇಲೆ ಆಟವಾಡಿ ರಾತ್ರಿಯನ್ನು ಬೆಳಗು ಮಾಡುವುವು. ನಾಟಕಕಾರರನ್ನು ಬೆಳೆಸಿದ ನೆಲವೂ ಇದೇ. ‘ಸಂಪತ್ತಿಗೆ ಸವಾಲ್’ ನಾಟಕವನ್ನು ಬರೆದ ಪಿ. ಬಿ. ಧುತ್ತರಗಿಯವರು ಹುನಗುಂದ ಸೀಮೆಯ ಸೂಳೇಬಾವಿಯವರು. ಅದು 1974ರಲ್ಲಿ ರಾಜಕುಮಾರರ ಚಿತ್ರವಾಗಿ ನಾಡಿನ ಮನೆಮನೆಗೂ ಮುಟ್ಟಿತು.

ಈ ನಾಟಕಗಳ ಹೆಸರನ್ನು ಕೇಳಿ ನಗುವ ಪಟ್ಟಣಿಗರಿದ್ದಾರೆ. ಭಿತ್ತಿಪತ್ರಗಳ ಮಾತು ಒರಟು, ಹಾಸ್ಯವು ಕೆಲವೊಮ್ಮೆ ಹದ ಮೀರುವುದು ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಅವುಗಳ ಹೊಟ್ಟೆಯಲ್ಲಿರುವ ಕಥೆ ಯಾವುದು? ಮಲತಾಯಿ, ಹಿರಿಯಣ್ಣ, ಮನೆಯೊಡೆಯಲು ಬಂದ ಸೊಸೆ, ಮನೆ ಉಳಿಸಲು ಸತ್ತ ಸೊಸೆ, ಓದಿಸಿದ ಅಣ್ಣನನ್ನು ಮರೆತ ತಮ್ಮ. ಮುಂದಿನ ಸಾಲಿನ ಗದ್ದಲವೆಲ್ಲ ಒಂದು ಗಳಿಗೆಯಲ್ಲಿ ಅಡಗಿಹೋಗುವ ದೃಶ್ಯವೆಂದರೆ ಹೆಚ್ಚಾಗಿ ಇಂಥದೇ: ಹೊಲ ಮಾರಿ ಓದಿಸಿದ ಅಣ್ಣನ ಕೈಗೆ, ಫೌಜದಾರನಾಗಿ ಬಂದ ತಮ್ಮನು ಬೇಡಿ ತೊಡಿಸಬೇಕಾಗಿ ಬಂದಿದೆ. ಹಾರ್ಮೋನಿಯಮ್ಮಿನ ಸ್ವರ ಒಂದೇ ಕಡೆ ನಿಂತಿದೆ. ಸಾವಿರ ಜನರಲ್ಲಿ ಕೆಮ್ಮುವವರೊಬ್ಬರೂ ಇಲ್ಲ.

ಆಟ ಮುಗಿದ ಮೇಲೆ ಚಹದಂಗಡಿಯ ಮುಂದೆ ಸೇರುವ ಸಭೆಯು ಯಾವ ಸಾಹಿತ್ಯ ಪರಿಷತ್ತಿನ ಗೋಷ್ಠಿಗೂ ಕಡಿಮೆಯಲ್ಲ. ಕಂಬಳಿ ಹೊದ್ದ ಹಿರಿಯನೊಬ್ಬನು ಮೊದಲು ತೀರ್ಪು ಕೊಡುವನು:

“ಸಾಕಿದ ಅಣ್ಣಗ ಬೇಡಿ ಹಾಕಿದಾಂವ ಎಂಥಾ ತಮ್ಮನೋ ಯಪ್ಪಾ! ನೌಕರಿ ಬಿಟ್ಟ ಬರಬೇಕಾಗಿತ್ತು.”

“ಬಿಟ್ಟ ಬಂದ್ರ ಇನ್ನೊಬ್ಬ ಫೌಜದಾರ ಬಂದು ಹಾಕತಿದ್ದಾ. ಹಿಡಿಯೂದು ತಪ್ಪತಿತ್ತೇನ್ರೀ ಯಜ್ಜಾ?” ಎಂದು ಹರೆಯದವನೊಬ್ಬನು ಕೇಳುವನು.

“ಆ ಇನ್ನೊಬ್ಬಾಂವ ಹಾಕಲಿ. ತಮ್ಮ ಯಾಕ ಹಾಕಬೇಕು?”

“ತಮ್ಮ ಹಾಕಿದ್ದಕ್ಕ ಅಣ್ಣ ತಲಿ ಬಗ್ಗಿಸಿ ಕೈ ಚಾಚಿದಾ,” ಎಂದು ಮಡಿಲಲ್ಲಿ ಮಲಗಿದ ಕೂಸಿನ ಮೇಲೆ ಸೆರಗು ಹೊದಿಸುತ್ತ ಹೆಂಗಸೊಬ್ಬಳು ನಡುವೆ ಬಾಯಿ ಹಾಕುವಳು. “ಬ್ಯಾರೆದವರು ಬಂದಿದ್ರ ಕೊಡಲಿ ಹಿಡೀತಿದ್ದಾ. ಆಗ ಹೆಣಾ ಬೀಳತಿತ್ತು.”

ಮಾತು ಬೆಳೆದಂತೆ ಯಾರಾದರೂ ವಿಭೀಷಣನನ್ನು ಕರೆತಂದೇ ತರುವರು. ಅಣ್ಣನು ಧರ್ಮ ಬಿಟ್ಟನು, ತಮ್ಮನು ಅಣ್ಣನನ್ನು ಬಿಟ್ಟನು, ತಪ್ಪೇನು? ಕಂಬಳಿಯ ಹಿರಿಯನು ಸೋಲುವವನಲ್ಲ. “ತಪ್ಪಿಲ್ಲ ತಗೋ. ಆದ್ರ ನಿಮ್ಮೂರಾಗ ಯಾರರ ತಮ್ಮ ಮಗನಿಗೆ ವಿಭೀಷಣ ಅಂತ ಹೆಸರ ಇಟ್ಟಾರೇನು ಹೇಳು?” ಎನ್ನುವನು. ಯಾರೂ ಇಟ್ಟಿರುವುದಿಲ್ಲ. ಕರ್ಣನ ಹೆಸರಿಟ್ಟವರಿದ್ದಾರೆ. ತನ್ನ ರಕ್ತವು ಆಚೆಯ ಪಾಳೆಯದಲ್ಲಿದೆಯೆಂದು ತಿಳಿದ ಮೇಲೂ ಉಂಡ ಮನೆಯನ್ನು ಬಿಡದವನು ಕರ್ಣ. ಅವನು ನಿಂತ ಪಕ್ಷವು ಅಧರ್ಮದ್ದೆಂದು ಎಲ್ಲರೂ ಬಲ್ಲರು. ಇದೇ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ರನ್ನನು ಹೆಣಗಳ ನಡುವೆ ತಮ್ಮನನ್ನೂ ಗೆಳೆಯನನ್ನೂ ಹುಡುಕುತ್ತ ನಡೆಯುವ ದುರ್ಯೋಧನನಿಗಾಗಿ ಓದುಗನ ಕಣ್ಣಲ್ಲಿ ನೀರು ತರಿಸಿ ಸಾವಿರ ವರ್ಷಗಳಾದುವು. ಧರ್ಮಕ್ಕೆ ತಲೆಬಾಗುವ ಜನರು ಪ್ರೀತಿಯನ್ನು ಮಾತ್ರ ನಂಬಿಗಸ್ತನಿಗೆ ಕೊಡುವರು. ಚಹದಂಗಡಿಯ ಈ ತೀರ್ಪಿನ ಮುಂದೆ ರಾಮದುರ್ಗದ ಅರಸನು ನಿಂತರೆ ಅವನ ಗತಿಯೇನಾದೀತೆಂಬುದು ಸ್ಪಷ್ಟವೇ. ಆದರೂ ಸೆರಗು ಹೊದಿಸಿದ ಆ ತಾಯಿಯ ಮಾತು ಅವನ ಪಕ್ಷದ ವಕಾಲತ್ತಿನಂತೆ ಉಳಿದೇ ಉಳಿಯುವುದು.

ಸಪ್ತಸಮುದ್ರಗಳ ಆಚೆಗೂ ಇದೇ ವಾದ. ಐರ್ಲೆಂಡಿನ ಜನರು ಇಂಗ್ಲಿಷರ ವಿರುದ್ಧ ಒಂದಾಗಿ ಕಾದಿದರು. 1921ರ ಡಿಸೆಂಬರಿನಲ್ಲಿ ಒಪ್ಪಂದವಾಯಿತು. ಅದನ್ನು ಒಪ್ಪಿದವರೂ ಒಪ್ಪದವರೂ ಮುಂದಿನ ವರ್ಷವೇ ಒಬ್ಬರನ್ನೊಬ್ಬರು ಕೊಲ್ಲತೊಡಗಿದರು. ಆ ಅಂತರ್ಯುದ್ಧದ ದಿನಗಳಲ್ಲಿ, 1923ರಲ್ಲಿ, ಲಿಯಮ್ ಓ'ಫ್ಲಾಹರ್ಟಿ ಎಂಬ ಐರಿಷ್ ಲೇಖಕನು ‘ದಿ ಸ್ನೈಪರ್’ ಎಂಬ ಪುಟ್ಟ ಕಥೆಯನ್ನು ಪ್ರಕಟಿಸಿದನು. ಡಬ್ಲಿನ್ನಿನ ಮಾಳಿಗೆಯೊಂದರ ಮೇಲೆ ಹೊಂಚಿ ಕುಳಿತ ಬಂದೂಕುಗಾರನು ಎದುರಿನ ಮಾಳಿಗೆಯ ಶತ್ರುವನ್ನು ಹೊಡೆದುರುಳಿಸುವನು. ಕೆಳಗಿಳಿದು ಬಂದು ಹೆಣವನ್ನು ಮಗುಚಿ ನೋಡಿದರೆ ಅದು ಅವನ ಸಹೋದರ. ಕಥೆಯು ಅಲ್ಲಿಗೇ ನಿಲ್ಲುವುದು; ಬಂದೂಕುಗಾರನು ಅತ್ತನೋ ಇಲ್ಲವೋ ಲೇಖಕನು ಹೇಳುವುದಿಲ್ಲ. ಐರಿಷ್ ಕಾದಂಬರಿಗಳನ್ನು ಓದಿದವರು ಕೂಡಿದಲ್ಲೆಲ್ಲ ಮನೆ ಮೊದಲೋ ಪಕ್ಷ ಮೊದಲೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಬನಶಂಕರಿಯ ಚಹದಂಗಡಿಗೆ ಈ ಕಥೆ ಬಂದರೆ ಹಿರಿಯನು ಒಂದು ವ್ಯತ್ಯಾಸವನ್ನು ಕೂಡಲೇ ಕಂಡುಹಿಡಿಯುವನು: ಡಬ್ಲಿನ್ನಿನವನಿಗೆ ತಾನು ಯಾರನ್ನು ಹೊಡೆಯುತ್ತಿದ್ದೇನೆಂದು ಗೊತ್ತಿರಲಿಲ್ಲ. ಮಂಗಲೇಶನಿಗೆ ಗೊತ್ತಿತ್ತು, ಪುಲಕೇಶಿಗೆ ಗೊತ್ತಿತ್ತು, ರಾಮದುರ್ಗದವನಿಗೂ ಗೊತ್ತಿತ್ತು.

ಹುಣ್ಣಿಮೆಯ ಸಂಜೆ ರಥ ಎಳೆಯುವ ಹೊತ್ತು. ರಥದ ಹಗ್ಗವು ರೋಣ ತಾಲೂಕಿನ ಮಾಡಲಗೇರಿಯಿಂದ ಬರಬೇಕು. ಅದು ಆ ಊರಿನವರ ಸೇವೆ. ದಪ್ಪ ಗಾಲಿಗಳ ಹಳಿಬಂಡಿಗೆ ಎತ್ತುಗಳನ್ನು ಹೂಡಿ, ಹಗ್ಗವನ್ನು ಹೇರಿಕೊಂಡು, ಮಲಪ್ರಭೆಯನ್ನು ದಾಟಿ ಅವರು ಬರುವವರೆಗೆ ರಥವು ಕದಲದು. ಬಂಡಿಯು ಬಯಲಿಗೆ ಬಂದೊಡನೆ ಕೂಗು ಮುಗಿಲಿಗೇರುವುದು. ಸಾವಿರಾರು ಕೈಗಳು ಹಗ್ಗವನ್ನು ಹಿಡಿಯುವುವು. ಯಾರ ಕೈಯ ಹಿಂದೆ ಯಾರ ಕೈ ಇದೆಯೆಂದು ನೋಡುವ ಪುರು-ಸೊತ್ತು ಆ ನೂಕುನುಗ್ಗಲಿನಲ್ಲಿ ಯಾರಿಗೂ ಇಲ್ಲ. ಉತ್ತತ್ತಿ, ಬಾಳೆಹಣ್ಣುಗಳು ರಥದ ಮೇಲೆ ಮಳೆಗರೆಯುವುವು.

ರಥವು ನೆಲೆಗೆ ನಿಂತು ಕತ್ತಲು ಕವಿದ ಮೇಲೆ, ಮರದಡಿಯಲ್ಲಿ ಬುತ್ತಿಯ ಗಂಟುಗಳು ಬಿಚ್ಚುವುವು. ಬೇರೆಬೇರೆ ಗಾಡಿಗಳಲ್ಲಿ ಬಂದ ಒಂದೇ ಮನೆತನದ ಹೆಂಗಸರು ಗಂಡಸರ ಕಣ್ಣು ತಪ್ಪಿಸಿ ಹೋಳಿಗೆ, ಪುಂಡಿಪಲ್ಯ, ಮಾದಲಿಗಳನ್ನು ಆಚೀಚೆ ದಾಟಿಸುವರು. ಮಕ್ಕಳು ಆಗಲೇ ಒಂದೇ ತಾಟಿನಲ್ಲಿ ಕೈಯಿಟ್ಟಿರುತ್ತವೆ. ದೂರದಲ್ಲಿ ಮೊದಲನೆಯ ಆಟದ ಗಂಟೆ ಬಾರಿಸಿತು. ಬಾಗಿಲುಗಳ ಸಾಲಿನಲ್ಲಿ ಕೊನೆಯ ಗಿರಾಕಿಯೊಬ್ಬನು ಚೌಕಟ್ಟಿನ ಬೆಲೆಯನ್ನು ಇಳಿಸಿ ಇಳಿಸಿ ಕೊನೆಗೆ ಕೊಂಡನು. ಅದನ್ನು ಟ್ರ್ಯಾಕ್ಟರಿನ ಮೇಲೇರಿಸಲು ಒಬ್ಬನಿಂದಾಗದು; ಎದುರು ತುದಿಯನ್ನು ಹಿಡಿಯಲು ಇನ್ನೊಬ್ಬರು ಬೇಕು. ಅವನು ಸುತ್ತ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಚೆಯ ಮರದಡಿಗೆ ಕುಳಿತವನನ್ನು “ಅಣ್ಣಾ” ಎಂದು ಕೂಗಿದನು.